ಕುಡುಗೋಲು ಗಾಯಕ್ಕೆ ಬದುವಿನ ಸೊಪ್ಪು

ನಮ್ಮೂರು ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟದ ಕಡೆ. ಔಷಧಿ ಗಿಡಗಳಿಗೆ ಹೆಸರಾದ ಬೆಟ್ಟ ಅದು. ಆದರೆ ನಾನು ಗಾಯಕ್ಕೆ ಹಾಕುವ ಸೊಪ್ಪಿಗೆ ಬೆಟ್ಟ ಹತ್ತಬೇಕಿಲ್ಲ, ಹೊಲದ ಬದುವಿನಲ್ಲೇ ಇದೆ. ನಮ್ಮ ಮನೆಯಲ್ಲಿ ಅದಕ್ಕೆ ಗಾಯದ ಸೊಪ್ಪು ಅಂತಲೇ ಹೆಸರು. ವಿಜ್ಞಾನದವರ ಹೆಸರು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಅಮೆರಿಕ ಖಂಡದಿಂದ ಬಂದ ಗಿಡವಂತೆ, ಈಗ ನಮ್ಮದೇ ಆಗಿಬಿಟ್ಟಿದೆ.

ಗುರುತು ಸುಲಭ. ನೆಲಕ್ಕೆ ಹರಡಿರುತ್ತದೆ, ಎಲೆ ಒರಟು. ಉದ್ದನೆ ಕಡ್ಡಿಯ ತುದಿಯಲ್ಲಿ ಒಂದೇ ಹೂವು: ನಡುವೆ ಹಳದಿ, ಸುತ್ತ ನಾಲ್ಕೈದು ಬಿಳಿ ಎಸಳು. ಎಸಳಿನ ತುದಿ ಮೂರು ಸೀಳು. ಪಕ್ಕದಲ್ಲೇ ಕಾಂಗ್ರೆಸ್ ಗಿಡವೂ ಇರುತ್ತದೆ. ಅದು ಮೈಗೆ ತಗುಲಿದರೆ ಕಡಿತ, ಆತುರದಲ್ಲಿ ಅದನ್ನು ಕಿತ್ತೀರಿ.

ರಾಗಿ ಕೊಯ್ಯುವಾಗ ಎಡಗೈ ಬೆರಳಿಗೆ ಕುಡುಗೋಲು ತಾಗುವುದು ನಮಗೆ ಹೊಸದಲ್ಲ. ಮೊದಲೆಲ್ಲ ಸೊಪ್ಪು ಕಿತ್ತು, ಅಂಗೈಯಲ್ಲಿ ಹೊಸಕಿ, ಹಾಗೇ ರಸ ಹಿಂಡುತ್ತಿದ್ದೆ. ರಕ್ತ ನಿಲ್ಲುತ್ತಿತ್ತು, ಆದರೆ ಕೆಲವು ಸಲ ಮೂರನೇ ದಿನಕ್ಕೆ ಕೀವು. ತಪ್ಪು ಸೊಪ್ಪಿನದಲ್ಲ, ನನ್ನ ಕೈಯ ಮಣ್ಣಿನದು. ಈಗ ಕುಡಿಯುವ ನೀರಿನಲ್ಲೇ ಗಾಯವನ್ನೂ ಕೈಯನ್ನೂ ತೊಳೆಯುತ್ತೇನೆ. ದನ ತುಳಿಯದ, ಔಷಧಿ ಹೊಡೆಯದ ಜಾಗದ ಚಿಗುರೆಲೆ ಹತ್ತು ಹನ್ನೆರಡು ಸಾಕು, ಅದನ್ನೂ ತೊಳೆಯಬೇಕು. ರಸ ಬಿಟ್ಟಾಗ ಚುರ್ ಅನ್ನುತ್ತದೆ. ಮೇಲೆ ಒಗೆದ ಹತ್ತಿ ಬಟ್ಟೆ ಕಟ್ಟುತ್ತೇನೆ. ಸಂಜೆ ಬಿಚ್ಚಿ, ಬೇವಿನೆಲೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಹೊಸ ಬಟ್ಟೆ. ಚರ್ಮ ಮಾತ್ರ ಸೀಳಿದ ಗಾಯ ನನಗೆ ಹೀಗೆ ವಾರದೊಳಗೆ ಕೂಡಿಕೊಂಡಿದೆ.

ಧನುರ್ವಾಯುವಿಗೆ ಮಾತ್ರ ಯಾವ ಸೊಪ್ಪೂ ಇಲ್ಲ. ಅದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲೇ ಇರುತ್ತದೆ. ನಾವು ದಿನವಿಡೀ ಇರುವುದೂ ಅಲ್ಲೇ ಅಲ್ವಾ? ಅದನ್ನು ತಡೆಯುವ ಇಂಜೆಕ್ಷನ್ (ಮೊದಲು ಟಿಟಿ, ಈಗ ಟಿಡಿ) ಹಾಕಿಸಿಕೊಂಡೇ ಇರಬೇಕು. ಆಳದ ಗಾಯ, ತುಕ್ಕು ಮೊಳೆ, ನಾಯಿ ಕಡಿತ ಇವಕ್ಕೂ ನಾನು ಸೊಪ್ಪು ಮುಟ್ಟುವುದಿಲ್ಲ.

ಎತ್ತಿನ ಹೆಗಲು ನೊಗಕ್ಕೆ ಉಜ್ಜಿ ಹುಣ್ಣಾದರೆ ಹೊಂಗೆ ಎಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತೇವೆ. ನೊಣ ಕೂರುವುದು ಕಡಿಮೆಯಾಗುತ್ತದೆ. ಆದರೆ ನೊಗ ಹೂಡದೆ ಬಿಡದಿದ್ದರೆ ಯಾವ ಎಣ್ಣೆಯೂ ಕೆಲಸ ಮಾಡದು.

ನನಗೆ ಇವತ್ತಿಗೂ ನೋವು ಕೊಡುವುದು ಅಮ್ಮನ ಕಾಲು. ಅವರಿಗೆ ಸಕ್ಕರೆ ಕಾಯಿಲೆ. ಚಪ್ಪಲಿ ಉಜ್ಜಿ ಹೆಬ್ಬೆರಳ ಹತ್ತಿರ ಸಣ್ಣ ಹುಣ್ಣಾಯಿತು. ನೋವೇ ಇಲ್ಲ ಅಂದರು. ನಾನು ನಂಬಿ ಎಂಟು ದಿನ ಸೊಪ್ಪು ಕಟ್ಟಿದೆ. ಒಂಬತ್ತನೇ ದಿನ ಬಟ್ಟೆ ಬಿಚ್ಚಿದರೆ ವಾಸನೆ, ಸುತ್ತ ಕಪ್ಪು. ಸಕ್ಕರೆ ಇರುವ ಹಲವರಿಗೆ ಪಾದದ ಸ್ಪರ್ಶವೇ ಕುಂದಿರುತ್ತದೆ, ನೋವಿಲ್ಲ ಅನ್ನುವುದೇ ಅಪಾಯದ ಗುರುತು ಅಂತ ತುಮಕೂರಿನಲ್ಲಿ ಡಾಕ್ಟರ್ ಹೇಳಿದಾಗ ತಿಳಿಯಿತು. ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಆದ ಮೇಲೆ ಬೆರಳು ಉಳಿಯಿತು.

ಈಗ ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಅಮ್ಮನ ಎರಡೂ ಪಾದ ನೋಡುತ್ತೇನೆ. ಸಣ್ಣ ಗೀರು ಕಂಡರೂ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ.