ಹೊಲಿಗೆ ಕೋಣೆಯಿಂದ ಖೋ-ಖೋ ಅಂಗಳಕ್ಕೆ

ನಾನು ಬಳ್ಳಾರಿಯ ಒಂದು ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್. ನಮ್ಮಲ್ಲಿ ಒಂಬತ್ತು, ಹತ್ತನೇ ಕ್ಲಾಸಿನವರಿಗೆ ಹೊಲಿಗೆ ಒಂದು ವೃತ್ತಿ ವಿಷಯ. ಅದನ್ನು ತಗೊಂಡವರಿಗೆ ಮೂರನೇ ಭಾಷೆ ಇರುವುದಿಲ್ಲ, ಅದರ ಬದಲು ಇದರದ್ದೇ ಪರೀಕ್ಷೆ. ಪಿಟಿ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಹುದ್ದೆ ಖಾಲಿ ಉಳಿಯಿತು. "ನೀವೇ ಸ್ವಲ್ಪ ನೋಡ್ಕೊಳ್ರೀ" ಅಂತ ಹೆಡ್ ಮೇಡಂ ಸ್ಪೋರ್ಟ್ಸ್ ಕ್ಲಬ್ಬಿನ ಫೈಲನ್ನು ನನ್ನ ಕೈಗೆ ಕೊಟ್ಟರು. ಫೈಲಿನಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯರ ಪಟ್ಟಿ ಎಲ್ಲ ಇತ್ತು. ಆಡುವವರು ಮಾತ್ರ ಇರಲಿಲ್ಲ.

ಆಟದ ನಿಯಮ ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಹಾಗಾಗಿ ಯಾವ ಆಟ ಬೇಕು ಅಂತ ಕೇಳುವ ಮೊದಲು, ಯಾಕೆ ಬರುತ್ತಿಲ್ಲ ಅಂತ ಒಬ್ಬೊಬ್ಬಳನ್ನೂ ಕೇಳಿದೆ. ಸುತ್ತಿ ಬಳಸಿ ಎರಡೇ ಉತ್ತರ ಬಂತು. ಹೊತ್ತಿಲ್ಲ, ಬಟ್ಟೆ ಇಲ್ಲ. ಇವೆರಡೂ ಹುಡುಗಿಯರ ಕೈಯಲ್ಲಿ ಇರುವ ವಿಷಯ ಅಲ್ಲ. ಶಾಲೆಯೇ ಇವನ್ನು ಬಗೆಹರಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಆಮೇಲೆ ಕೋಚ್, ಕಪ್ಪು, ಫೋಟೋ ಏನು ಬೇಕಾದರೂ ಬರಲಿ.

ಮೊದಲು ಹೊತ್ತಿನ ವಿಷಯ. ಸಂಜೆ ಬೆಲ್ ಹೊಡೆದ ಮೇಲೆ ಪ್ರಾಕ್ಟೀಸ್ ಇಟ್ಟರೆ ನಮ್ಮಲ್ಲಿ ಯಾರೂ ನಿಲ್ಲುವುದಿಲ್ಲ. ಬಳ್ಳಾರಿ ಅಂದರೆ ಜೀನ್ಸ್ ಊರು. ಕೌಲ್ ಬಜಾರ್ ಕಡೆ ಮನೆ ಮನೆಯಲ್ಲೂ ಯೂನಿಟ್‌ನಿಂದ ತಂದ ಪ್ಯಾಂಟಿನ ಗಂಟು ಇರುತ್ತದೆ. ಹೊಲಿದಾದ ಮೇಲೆ ಉಳಿಯುವ ದಾರದ ತುದಿ ಕತ್ತರಿಸುವ ಕೆಲಸ ಅಮ್ಮ, ಮಗಳು ಸೇರಿ ಮಾಡುವುದು. ಪೀಸ್ ಲೆಕ್ಕದಲ್ಲಿ ದುಡ್ಡು. ಮಗಳು ಗ್ರೌಂಡಿನಲ್ಲಿ ಉಳಿದರೆ ಅಷ್ಟು ಪೀಸ್ ಕಮ್ಮಿ. ಇನ್ನು ನಲ್ಲಿ ನೀರು ಬರುವ ದಿನ ಅಂದರೆ ಮುಗಿಯಿತು, ಮಧ್ಯಾಹ್ನದಿಂದಲೇ ಹುಡುಗಿಯರ ಮನಸ್ಸು ಕೊಡದ ಮೇಲೆ. ಇಂಥವರಿಗೆ "ನಿನಗೆ ಆಟದ ಮೇಲೆ ಪ್ರೀತಿ ಇಲ್ಲ" ಅಂತ ಭಾಷಣ ಬಿಗಿಯುವುದು ಸುಲಭ, ಅಲ್ವಾ?

ದಾರಿ ನನ್ನ ಹೊಲಿಗೆ ಕೋಣೆಯಲ್ಲೇ ಇತ್ತು. ನಮ್ಮ ಪ್ರಾಕ್ಟಿಕಲ್ ಎರಡು ಪೀರಿಯಡ್ ಸೇರಿಸಿ ಇರುತ್ತದೆ. ಮೆಷಿನ್ ಕಮ್ಮಿ, ಹುಡುಗಿಯರು ಜಾಸ್ತಿ. ಅರ್ಧ ಜನ ಹೊಲಿಯುವಾಗ ಉಳಿದರ್ಧ ಜನ ಬೆಂಚಿನ ಮೇಲೆ ಕೂತು ಮಾತಾಡುತ್ತಾರೆ. ಆ ಅರ್ಧವನ್ನು ಗ್ರೌಂಡಿಗೆ ಕಳಿಸಿದೆ. ಒಂದು ಪೀರಿಯಡ್ ಮುಗಿದ ಮೇಲೆ ಅದಲು ಬದಲು. ನಮ್ಮ ಕೋಣೆಯ ಬಾಗಿಲು ಗ್ರೌಂಡಿನ ಕಡೆಗೇ ಇದೆ. ಕಟಿಂಗ್ ಟೇಬಲನ್ನು ವರಾಂಡಕ್ಕೆ ಎಳೆಸಿದೆ. ಅಲ್ಲಿ ನಿಂತರೆ ಒಂದು ಕಣ್ಣು ಕತ್ತರಿ ಮೇಲೆ, ಒಂದು ಕಣ್ಣು ಗ್ರೌಂಡಿನ ಮೇಲೆ. ಶನಿವಾರ ಬೆಳಗಿನ ಶಾಲೆಯಲ್ಲಿ ಕವಾಯತು ಹೇಗೂ ಇದ್ದೇ ಇದೆ. ಅದನ್ನು ಬೇಗ ಮುಗಿಸಿ ಉಳಿದ ಹೊತ್ತನ್ನು ಆಟಕ್ಕೆ ಕೊಟ್ಟೆವು. ಬಳ್ಳಾರಿ ಬಿಸಿಲಿಗೆ ಅದೇ ಒಳ್ಳೆಯ ಹೊತ್ತು. ಒಬ್ಬಳನ್ನೂ ಶಾಲೆಯ ಸಮಯ ಮೀರಿ ನಿಲ್ಲಿಸಲಿಲ್ಲ. ಮನೆಯವರ ಹತ್ತಿರ ಪರ್ಮಿಷನ್ ಕೇಳುವ ಪ್ರಶ್ನೆಯೇ ಬರಲಿಲ್ಲ.

ಇನ್ನು ಬಟ್ಟೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಇದು ನನ್ನ ಕಸುಬು.

ಚೂಡಿದಾರದಲ್ಲಿ ಖೋ-ಖೋ ಆಡಲು ಆಗುವುದಿಲ್ಲ. ವೇಲ್ ಕಾಲಿಗೆ ಸಿಕ್ಕುತ್ತದೆ, ಟಾಪಿನ ಸೀಳು ಹರಿಯುತ್ತದೆ. ಅಂಗಡಿಯ ಟ್ರ್ಯಾಕ್ ಪ್ಯಾಂಟ್ ಗಂಡಸರ ಅಳತೆಯದು. ಸೊಂಟಕ್ಕೆ ಸರಿ ಮಾಡಿದರೆ ಹಿಂದೆ ಬಿಗಿ, ಹಿಂದೆ ಸರಿ ಮಾಡಿದರೆ ಸೊಂಟದಲ್ಲಿ ನಿಲ್ಲುವುದಿಲ್ಲ. ಒಬ್ಬ ತಾಯಿ ನೇರವಾಗಿ ಹೇಳಿದರು: "ಟೀಚರ್ರೀ, ಆಡಾದು ಬ್ಯಾಡ ಅನ್ನಲ್ಲ ನಾನು. ಆ ಪ್ಯಾಂಟ್ ಹಾಕ್ಕೊಂಡು ಬಗ್ಗಿದ್ರೆ ಹೆಂಗ್ ಕಾಣ್ತದ, ನೀವೇ ಹೇಳ್ರೀ." ಆ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಅದು ಕಟಿಂಗ್‌ನ ಸಮಸ್ಯೆ.

ಹಾಗಾಗಿ ಆ ವರ್ಷದ ಪ್ರಾಕ್ಟಿಕಲ್ ಕೆಲಸವೇ ಟ್ರ್ಯಾಕ್ ಪ್ಯಾಂಟ್ ಮತ್ತು ಟೀ ಶರ್ಟ್ ಅಂತ ಇಟ್ಟುಕೊಂಡೆವು. ಬನಿಯನ್ನಿನ ಹಾಗೆ ಹಿಗ್ಗುವ ನಿಟ್ ಬಟ್ಟೆ ಕೆಜಿ ಲೆಕ್ಕದಲ್ಲಿ ಸಿಗುತ್ತದೆ, ದಾನಿಯೊಬ್ಬರು ದುಡ್ಡು ಕೊಟ್ಟರು. ಬಟ್ಟೆ ತಂದ ದಿನವೇ ಕತ್ತರಿಸಬಾರದು. ಸುರುಳಿಯಲ್ಲಿ ಬಿಗಿಯಾಗಿ ಸುತ್ತಿದ ಬಟ್ಟೆ ಎಳೆದುಕೊಂಡಿರುತ್ತದೆ. ಒಂದು ರಾತ್ರಿ ಬಿಡಿಸಿ ಹರಡಿದರೆ ತನ್ನ ಅಳತೆಗೆ ಬರುತ್ತದೆ. ಜಾಸ್ತಿ ಹಿಗ್ಗುವ ದಿಕ್ಕು ಮೈಗೆ ಅಡ್ಡವಾಗಿ ಬರುವಂತೆ ಪ್ಯಾಟರ್ನ್ ಇಡಬೇಕು. ಸೂಜಿ ಬಾಲ್ ಪಾಯಿಂಟ್, ಅಂದರೆ ತುದಿ ಗುಂಡಗಿರುವುದು, ಇರಬೇಕು. ಸಾದಾ ಚೂಪು ಸೂಜಿ ನಿಟ್ಟಿನ ಕುಣಿಕೆಯನ್ನೇ ಕತ್ತರಿಸುತ್ತದೆ, ನಾಲ್ಕು ಸಲ ಒಗೆದ ಮೇಲೆ ಅಲ್ಲೆಲ್ಲ ತೂತು. ಸಾದಾ ಮೆಷಿನ್ನಿನ ನೇರ ಹೊಲಿಗೆ ಬಟ್ಟೆ ಹಿಗ್ಗಿದಾಗ ಪಟ್ ಅಂತ ಹರಿಯುತ್ತದೆ. ಅದಕ್ಕೆ ಮೊದಲು ಓವರ್‌ಲಾಕ್ (ಅಂಚನ್ನು ಸುತ್ತಿ ಹಾಕುವ ಹೊಲಿಗೆ) ಹಾಕಿ, ಆಮೇಲೆ ಪಾಲಿಯೆಸ್ಟರ್ ದಾರದಲ್ಲಿ ಸಣ್ಣ ಹೊಲಿಗೆ ಇಟ್ಟು, ಬಟ್ಟೆಯನ್ನು ಸ್ವಲ್ಪ ಎಳೆದು ಹಿಡಿದು ಇನ್ನೊಂದು ಸಾಲು ಓಡಿಸಿದೆವು. ತೊಡೆಗಳ ಸಂದಿಯಲ್ಲಿ ನಾಲ್ಕು ಹೊಲಿಗೆ ಸೇರುವ ಕಡೆ ವಜ್ರದ ಆಕಾರದ ಒಂದು ತುಂಡು ಸೇರಿಸಿದೆವು. ಖೋ-ಖೋದಲ್ಲಿ ಕೂತು ಏಳುವಾಗ ಹರಿಯುವುದು ಅಲ್ಲೇ. ಆ ತುಂಡು ಬಂದ ಮೇಲೆ ಬಗ್ಗಿದರೂ ಬಿಗಿಯಾಗುವುದಿಲ್ಲ. ಟೀ ಶರ್ಟನ್ನು ಸ್ವಲ್ಪ ಉದ್ದ ಇಟ್ಟೆವು. ಜೇಬು ಇಲ್ಲ, ಬೆರಳು ಸಿಕ್ಕಿಕೊಳ್ಳುತ್ತದೆ. ಲಾಡಿಯ ತುದಿ ಒಳಗಡೆಗೆ.

ಬಣ್ಣಕ್ಕೆ ದೊಡ್ಡ ಜಗಳ ಆಯಿತು. ಹುಡುಗಿಯರಿಗೆ ತಿಳಿ ಗುಲಾಬಿ ಬೇಕು. ನಾನು ಪ್ಯಾಂಟ್ ಮಾತ್ರ ಕಡು ನೀಲಿಯೇ ಅಂತ ಹಟ ಹಿಡಿದೆ. ಕಾರಣ ಹೇಳಿದ ಮೇಲೆ ಎಲ್ಲರೂ ಸುಮ್ಮನಾದರು. ಮುಟ್ಟಿನ ದಿನ ಕಲೆ ಕಾಣುತ್ತದೆ ಅನ್ನುವ ಭಯಕ್ಕೇ ಅರ್ಧ ಜನ ಗ್ರೌಂಡಿಗೆ ಬರುವುದಿಲ್ಲ. ಶುಚಿ ಯೋಜನೆಯ ಪ್ಯಾಡ್ ಬಂದರೆ ಅದರದೊಂದು ಪಾಲು, ಬರದಿದ್ದರೆ ನಾವೇ ತಂದದ್ದು, ಕ್ಲಬ್ಬಿನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಜೊತೆಗೆ ಒಂದು ಎಕ್ಸ್‌ಟ್ರಾ ಪ್ಯಾಂಟ್. ಆ ಚೀಲ ಹೊಲಿದದ್ದು ಜೀನ್ಸ್ ಯೂನಿಟ್‌ನವರು ಕೊಟ್ಟ ಚಿಂದಿಯಲ್ಲಿ.

ಆಟದ ಸಾಮಾನಿಗೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹೈಸ್ಕೂಲಿಗೆ ವರ್ಷಕ್ಕೆ 25,000 ರೂಪಾಯಿವರೆಗೆ ಅನುದಾನ ಇದೆ. ಎಷ್ಟೋ ಕಡೆ ಇದು ಕ್ಯಾರಂ ಬೋರ್ಡು, ಸ್ಕಿಪ್ಪಿಂಗ್ ಹಗ್ಗ ಆಗಿ ಬೀರುವಿಗೆ ಸೇರುತ್ತದೆ. ನಾವು ಖೋ-ಖೋ ಕಂಬ, ಥ್ರೋಬಾಲ್, ನೆಟ್ಟು, ಸುಣ್ಣದ ಪುಡಿ ತಗೊಂಡೆವು. ಅಂಗಡಿ ಬಿಲ್ ಜೋಪಾನ, ಅಷ್ಟೇ.

ನಮ್ಮ ಕಡೆ ಹೆಣ್ಣುಮಕ್ಕಳ ಆಟ ಅಂದರೆ ಥ್ರೋಬಾಲ್. ಒಳ್ಳೆಯ ಆಟವೇ. ಚೆಂಡು ಹಿಡಿದು ಮೂರು ಸೆಕೆಂಡಿನೊಳಗೆ ವಾಪಸ್ ಎಸೆಯಬೇಕು, ಕೈ ಚುರುಕಾಗುತ್ತದೆ. ಆದರೆ ನಿಂತಲ್ಲೇ ನಿಂತು ಆಡಬಹುದು ಅನ್ನುವ ಕಾರಣಕ್ಕೇ ಹುಡುಗಿಯರಿಗೆ ಅದನ್ನು ಕೊಡುತ್ತಾರೇನೋ ಅಂತ ನನಗೆ ಅನುಮಾನ. ನನ್ನ ಒಲವು ಖೋ-ಖೋ ಕಡೆ. 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ, ಎರಡು ಕಂಬ ಸಾಕು. ಎಂಟು ಜನ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವಳು ಓಡಿಸುತ್ತಾಳೆ. ಹೊರಟ ದಿಕ್ಕಿನಿಂದ ತಿರುಗುವ ಹಾಗಿಲ್ಲ. ಕಂಬ ದಾಟಿಯೇ ಬರಬೇಕು, ಇಲ್ಲ ಖೋ ಕೊಡಬೇಕು. ಕೂತವಳಿಗೂ ಒಂದು ಗಳಿಗೆ ನೆಮ್ಮದಿ ಇಲ್ಲ, ಆಟ ಯಾವಾಗ ತನ್ನ ಬೆನ್ನಿಗೆ ಬಂದು ಮುಟ್ಟುತ್ತದೋ ಗೊತ್ತಿಲ್ಲ. ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿಯರೂ ಇಲ್ಲಿ ಗಟ್ಟಿಯಾಗಿ "ಖೋ" ಅನ್ನಲೇಬೇಕು.

ಓಡಲು ಆಗದವರು, ಮನಸ್ಸಿಲ್ಲದವರು ಇರುತ್ತಾರೆ. ಅವರನ್ನು ಸುಮ್ನೆ ಚಪ್ಪಾಳೆಗೆ ಕೂರಿಸಲಿಲ್ಲ. ಸ್ಕೋರ್ ಬರೆಯುವವರು, ಗಡಿಯಾರ ಹಿಡಿಯುವವರು, ಸೀಟಿ ಊದುವವರು ಅಂತ ಅವರದೇ ಒಂದು ತಂಡ ಆಯಿತು. ನನಗೆ ನಿಯಮ ಕಲಿಸಿದ್ದು ಇವರೇ. ಫೌಲ್ ವಿಷಯದಲ್ಲಿ ನನ್ನ ಮಾತಿಗಿಂತ ಅವರ ಮಾತು ನಡೆಯುತ್ತದೆ. ಇಕೋ ಕ್ಲಬ್ಬೂ ನಮ್ಮಲ್ಲಿದೆ, ಗ್ರೌಂಡಿನ ಸುತ್ತ ಹೊಂಗೆ, ಬೇವು ನೆಟ್ಟಿದ್ದಾರೆ. ನೆರಳಿಗೆ ಇನ್ನೂ ಕೆಲವು ವರ್ಷ ಕಾಯಬೇಕು.

ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋಗುವಾಗಿನ ಕೆಲಸ ಬಹಳ ಮಟ್ಟಿಗೆ ಕಾಗದದ್ದೇ. ಸ್ಯಾಟ್ಸ್ ನಂಬರ್ (ಸರ್ಕಾರದ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ನಂಬರ್), ಹುಟ್ಟಿದ ದಿನಾಂಕ, ಹೆಡ್ ಮೇಡಂ ಸಹಿ. ಮೊದಲೆಲ್ಲ ಬಸ್ ಚಾರ್ಜ್ ಯಾರು ಕೊಡಬೇಕು ಅನ್ನುವುದೇ ದೊಡ್ಡ ಮಾತಾಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆ ಮಾತು ಹೋಯಿತು. ಎಲ್ಲರ ಹತ್ತಿರ ಆಧಾರ್‌ನಂಥ ಗುರುತಿನ ಚೀಟಿ ಇರಬೇಕು, ಅಷ್ಟೇ. ನಾನು ಹೋದ ಕೂಡಲೇ ನೋಡುವುದು ಅಲ್ಲಿನ ಶೌಚಾಲಯ. ಬೀಗ ಹಾಕಿದ್ದರೆ ತೆಗೆಸುವ ತನಕ ಬಿಡುವುದಿಲ್ಲ. ಹುಡುಗಿಯರು ನೀರು ಕುಡಿಯದೆ ಆಡಿ ತಲೆ ಸುತ್ತಿ ಬೀಳುವುದು ಅದಕ್ಕೇ. ನಮ್ಮ ತಂಡ ಮೊದಲ ಪಂದ್ಯ ಗೆದ್ದಿತು, ಮುಂದಿನದರಲ್ಲಿ ಸೋತಿತು. ಆದರೆ ಬೇರೆ ಶಾಲೆಯ ಟೀಚರುಗಳು ಪ್ಯಾಂಟಿನ ಹೊಲಿಗೆ ತಿರುವಿ ನೋಡಿ ಎಲ್ಲಿ ತಗೊಂಡಿರಿ ಅಂತ ಕೇಳಿದಾಗ ನಮ್ಮವರ ಮುಖ ನೋಡಬೇಕಿತ್ತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು. ಆ ಆಟವನ್ನು ಶಾಲೆಯ ಟಿವಿಯಲ್ಲಿ ಹಾಕಿ, ಪಾಲಕರ ಸಭೆಗೆ ಬಂದ ತಾಯಂದಿರಿಗೂ ತೋರಿಸಿದೆ. ಹಳ್ಳಿ ಹುಡುಗಿ ಅಂದದ್ದಕ್ಕೆ ಕಣ್ಣರಳಿಸಿ ನೋಡಿದರು. ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲೇ ದೇಶದ ದೊಡ್ಡ ಕ್ರೀಡಾಪಟುಗಳು ತರಬೇತಿ ಪಡೆಯುವ ಸಂಸ್ಥೆ ಇದೆ. ಆದರೆ ಅದನ್ನು ಹೇಳಿದರೆ ನಮ್ಮವರಿಗೆ ಬೇರೆ ಲೋಕದ ಸುದ್ದಿ ಹೇಳಿದ ಹಾಗೆ. ಖೋ-ಖೋ ಹಾಗಲ್ಲ. ಆ ತಾಯಂದಿರೂ ಚಿಕ್ಕವರಿದ್ದಾಗ ಆಡಿದವರೇ.

ಈಗ ಅಳತೆವಾರು ಪೇಪರ್ ಪ್ಯಾಟರ್ನ್ ಕತ್ತರಿಸಿ ಇಟ್ಟಿದ್ದೇವೆ. ಹತ್ತನೇ ಕ್ಲಾಸಿನವರು ಹೋಗುವ ಮುಂಚೆ ಒಂಬತ್ತನೆಯವರ ಕೈಯಲ್ಲಿ ಒಂದೊಂದು ಪ್ಯಾಂಟ್ ಹೊಲಿಸಿ ಹೋಗಬೇಕು ಅಂತ ನಿಯಮ. ನಿಮ್ಮ ಶಾಲೆಯಲ್ಲೂ ಮಾಡುವುದಾದರೆ ಬಟ್ಟೆಯನ್ನು ಬೇಸಿಗೆ ರಜೆಗೆ ಮುಂಚೆಯೇ ತಂದಿಡಿ. ಶಾಲೆ ಶುರುವಾದ ಮೇಲೆ ತಂದರೆ ಹೊಲಿದು ಮುಗಿಸುವಷ್ಟರಲ್ಲಿ ಕ್ರೀಡಾಕೂಟದ ತಾರೀಖು ಬಂದುಬಿಡುತ್ತದೆ.