ಉಬ್ಬರ ನೋಡಿ ಕಾರು ತೆಗೆಯಿರಿ: ಮಲೆನಾಡಿನವರಿಗೆ ಬ್ರಿಟನಿ ದಾರಿ

ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿಗೆ ಸೇತುವೆ ಆಗುವ ಮೊದಲು ತುಮರಿ ಕಡೆಯವರ ದಿನವೆಲ್ಲ ಲಾಂಚಿನ ಹೊತ್ತಿಗೆ ಕಟ್ಟುಬಿದ್ದಿತ್ತು. ಸಾಗರದಲ್ಲಿ ಕೆಲಸ ಮುಗಿಯಲಿ ಬಿಡಲಿ, ಕೊನೆಯ ಲಾಂಚಿಗೆ ದಡ ಮುಟ್ಟಬೇಕು. 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಆ ಲೆಕ್ಕ ಮರೆಯುತ್ತಿದೆ. ಫ್ರಾನ್ಸಿನ ಹಳ್ಳಿ, ಕಡಲತೀರ ಸುತ್ತಲು ಹೊರಟವರು ಅದನ್ನು ಮತ್ತೆ ನೆನಪಿಸಿಕೊಳ್ಳಬೇಕು. ಹೋಟೆಲಿನ ಒಲೆ ಆರುವ ಹೊತ್ತು, ಸಂತೆಯ ದಿನ, ಸಮುದ್ರ ಏರುವ ಗಂಟೆ, ಇವು ಮೊದಲು, ಕಿಲೋಮೀಟರ್ ಆಮೇಲೆ.

ಮೊದಲ ಸಲಕ್ಕೆ ವಾಯವ್ಯ ಮೂಲೆಯ ಬ್ರಿಟನಿ ಒಳ್ಳೆಯದು. ಹಳ್ಳಿಗೂ ಕಡಲಿಗೂ ಅರ್ಧ ಗಂಟೆಯ ದಾರಿ, ನಾಲ್ಕು ಪಥದ ರಸ್ತೆಗಳಿಗೆ ಟೋಲ್ ಇಲ್ಲ. ಅಡಿಕೆ ತೋಟದವರಿಗೆ ಸೆಪ್ಟೆಂಬರ್ ಸರಿ: ಕೊಳೆ ಔಷಧಿ ಹೊಡೆದು ಮುಗಿದಿರುತ್ತದೆ, ಕೊನೆ ಕೊಯ್ಲು ಶುರುವಾಗಿರುವುದಿಲ್ಲ. ಅಲ್ಲಿಯೂ ಶಾಲೆಗಳು ತೆರೆದು ಜನ ಕರಗಿ, ಮನೆ ಬಾಡಿಗೆ ಇಳಿದಿರುತ್ತದೆ. ನಾವು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ತವರೂ ಫ್ರಾನ್ಸೇ. 1880ರ ದಶಕದಲ್ಲಿ ಬೋರ್ಡೋ ಸುತ್ತಲಿನ ದ್ರಾಕ್ಷಿತೋಟಗಳ ರೋಗಕ್ಕೆಂದು ಹುಟ್ಟಿದ್ದು. ನೋಡುವ ಆಸೆ ಸಹಜ. ಆದರೆ ಬ್ರಿಟನಿಯ ರೆನ್ ಊರಿನಿಂದ ಅದು ಸುಮಾರು 450 ಕಿ.ಮೀ. ದಕ್ಷಿಣಕ್ಕಿದೆ, ಇದೇ ಪ್ರವಾಸದಲ್ಲಿ ತುರುಕಬೇಡಿ.

ಕಾಗದಪತ್ರ

ಫ್ರಾನ್ಸಿಗೆ ಬೇಕಾದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ವೀಸಾಕ್ಕೆ ಅರ್ಜಿ ಪಡೆಯುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಹೊರಡುವ ದಿನಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನಕ್ಕೆ ಇಟ್ಟುಕೊಂಡರೆ ಕೆಟ್ಟಿತು. ವಿಮೆಯ ರಕ್ಷಣೆ ಕನಿಷ್ಠ 30,000 ಯೂರೋ ಇರಲಿ. ಕೃಷಿಕರು ಎಡವುವುದು ಆದಾಯದ ದಾಖಲೆಯಲ್ಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್‌ನಲ್ಲಿ ಮೊತ್ತ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಪಹಣಿ, ಮಂಡಿ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಸೇರಿಸಿ, ಕನ್ನಡದ್ದಕ್ಕೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಹಿಂದಿನ ವಾರ ಯಾರಿಂದಲೋ ಕೈಗಡ ತಂದು ಖಾತೆ ತುಂಬಿಸಿದ್ದು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ.

ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ ಶಿವಮೊಗ್ಗದ ಆರ್‌ಟಿಒದಲ್ಲೇ ಸಿಗುತ್ತದೆ: ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಆ ಪರ್ಮಿಟ್ ಬರೀ ಪುಸ್ತಕ.

ಚೀಲಕ್ಕೆ ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಹಾಕಿಕೊಳ್ಳಿ. ತುಪ್ಪ, ಪೇಡ ಬೇಡ. ಹೊರದೇಶದ ಹಾಲಿನ ಪದಾರ್ಥ ಯುರೋಪಿನ ಒಕ್ಕೂಟದೊಳಗೆ ಬಿಡುವುದಿಲ್ಲ. ಪ್ರಮಾಣಪತ್ರ ಇಲ್ಲದ ಹಸಿ ಸೊಪ್ಪಿಗೂ ಪ್ರವೇಶವಿಲ್ಲ, ಅಂದರೆ ಕರಿಬೇವೂ ಇಲ್ಲ, ಊಟವಾದ ಮೇಲಿನ ವೀಳ್ಯದೆಲೆಯೂ ಇಲ್ಲ. ಬಾಳೆಹಣ್ಣು, ತೆಂಗಿನಕಾಯಿಗೆ ವಿನಾಯಿತಿ ಇದೆ.

ಕಾರು

ಪ್ಯಾರಿಸ್ಸಿನಲ್ಲಿ ಕಾರು ತೆಗೆದುಕೊಳ್ಳಬೇಡಿ. ಮೋಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ವೇಗದ ರೈಲು ಹತ್ತಿದರೆ ಒಂದೂವರೆ ಗಂಟೆಯಲ್ಲಿ ರೆನ್. ಅಲ್ಲೊಂದು ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಕಾರು ಪಡೆಯಿರಿ. ಬಾಡಿಗೆ ಕಾರುಗಳಲ್ಲಿ ಕೈಗೇರಿನವೇ ಹೆಚ್ಚು, ಗೇರು ಬಲಗೈಗೆ ಬರುತ್ತದೆ. ರಸ್ತೆಯ ಬಲಬದಿ, ಬಲಗೈ ಗೇರು, ಅಪರಿಚಿತ ಫಲಕ, ಮೂರನ್ನೂ ಒಟ್ಟಿಗೆ ಕಲಿಯುವುದಕ್ಕಿಂತ ಹೆಚ್ಚು ಕೊಟ್ಟು ಆಟೋಮ್ಯಾಟಿಕ್ ಕಾಯ್ದಿರಿಸುವುದು ಜಾಣತನ. ಠೇವಣಿಗೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಹೆಂಡತಿ ಓಡಿಸುವುದು, ಗಂಡನ ಕಾರ್ಡ್ ಎಂದರೆ ಕೌಂಟರಿನಲ್ಲೇ ಕೆಲಸ ಕೆಡುತ್ತದೆ.

ನಮ್ಮವರು ಎಡವುವ ದೊಡ್ಡ ಜಾಗ ‘ಬಲಗಡೆಯವರಿಗೆ ಮೊದಲು’ ಎಂಬ ನಿಯಮ. ಹಳ್ಳಿಯೊಳಗೆ ಫಲಕವೂ ಗೆರೆಯೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಓಣಿಯಿಂದ ಬರುವವರು ಬ್ರೇಕ್ ಹಾಕುವುದಿಲ್ಲ, ಹಾಕಬೇಕಾದವರು ನೀವು. ನಿಮ್ಮದು ಎಷ್ಟೇ ಅಗಲದ ರಸ್ತೆಯಾಗಿರಲಿ. ಬಿಳಿ ಅಂಚಿನ ಹಳದಿ ವಜ್ರಾಕಾರದ ಫಲಕ ಕಂಡರೆ ಮುಂದಿನ ದಾರಿಯಲ್ಲಿ ನಿಮಗೇ ಮೊದಲು. ಅದೇ ಫಲಕದ ಮೇಲೆ ಅಡ್ಡಗೆರೆ ಎಳೆದಿದ್ದರೆ ಆ ಹಕ್ಕು ಮುಗಿಯಿತು. ವೃತ್ತದ ಬಾಯಲ್ಲಿ ದಾರಿಬಿಡಿ ಎನ್ನುವ ತ್ರಿಕೋನ ಇದ್ದರೆ, ಸಾಮಾನ್ಯವಾಗಿ ಇರುತ್ತದೆ, ಒಳಗೆ ಸುತ್ತುತ್ತಿರುವವರಿಗೆ ಮೊದಲು.

ಊರಿನ ಹೆಸರಿನ ಫಲಕವೇ ವೇಗದ ಫಲಕವೂ ಹೌದು. ಅದನ್ನು ದಾಟಿದ ಕ್ಷಣದಿಂದ 50, ಹೆಸರಿಗೆ ಕೆಂಪು ಅಡ್ಡಗೆರೆ ಬರುವ ತನಕ. ಹೊರಗಿನ ಎರಡು ಪಥದ ರಸ್ತೆಯಲ್ಲಿ 80 (ಕೆಲವು ಕಡೆ 90), ನಾಲ್ಕು ಪಥದಲ್ಲಿ 110, ಮಳೆ ಬಂದರೆ 100. ಕ್ಯಾಮೆರಾ ಹಿಡಿದ ದಂಡದ ಮೇಲೆ ಬಾಡಿಗೆ ಕಂಪನಿಯ ಶುಲ್ಕವೂ ಕೂಡುತ್ತದೆ.

ಪಂಪಿನಲ್ಲಿ ‘ಗಾಜೋಲ್’ ಎಂದು ಬರೆದಿರುವುದು ಗ್ಯಾಸೊಲಿನ್ ಅಲ್ಲ, ಡೀಸೆಲ್. ಹೆಸರಿನ ಹೋಲಿಕೆಗೆ ಮೋಸಹೋಗಿ ಪೆಟ್ರೋಲ್ ಕಾರಿಗೆ ಅದನ್ನು ತುಂಬಿದರೆ ಟ್ಯಾಂಕ್ ಖಾಲಿ ಮಾಡಿಸುವ ಖರ್ಚು ನಿಮ್ಮದೇ. ಟ್ಯಾಂಕ್ ಮುಚ್ಚಳದ ಒಳಗೆ ವೃತ್ತದ ಗುರುತಿದ್ದರೆ ಪೆಟ್ರೋಲ್, ಚೌಕವಿದ್ದರೆ ಡೀಸೆಲ್. ಸೂಪರ್‌ಮಾರ್ಕೆಟ್ ಪಂಪುಗಳಲ್ಲಿ ಬೆಲೆ ಕಡಿಮೆ, ಆಳು ಇಲ್ಲದ ಹೊತ್ತೇ ಹೆಚ್ಚು. ಯಂತ್ರ ಮೊದಲು ನೂರು ಯೂರೋ ಆಸುಪಾಸು ತಡೆಹಿಡಿದು ಆಮೇಲೆ ಸರಿಪಡಿಸುತ್ತದೆ. ಫೊರೆಕ್ಸ್ ಕಾರ್ಡಿನಲ್ಲಿ ಅಷ್ಟು ಹಣ ಇಲ್ಲದಿದ್ದರೆ ಒಂದು ಹನಿಯೂ ಬೀಳುವುದಿಲ್ಲ.

ಮನೆ, ಊಟ, ಸಂತೆ

ದಿನಕ್ಕೊಂದು ಊರು ಬದಲಿಸಬೇಡಿ. ಸಾಗರದಲ್ಲಿ ಉಳಿದು ಜೋಗ, ಇಕ್ಕೇರಿ, ವರದಹಳ್ಳಿ ನೋಡಿಬರುವ ಹಾಗೆ ದಿನಾನ್ ಊರಲ್ಲಿ ಒಂದು ‘ಜೀತ್’ ಹಿಡಿಯಿರಿ. ಅಡುಗೆಮನೆ ಇರುವ ಬಾಡಿಗೆ ಮನೆಗೆ ಅಲ್ಲಿಯ ಹೆಸರು ಅದು. ಕಡಲತೀರದ ಊರು ಸೇನ್ ಮಾಲೋ, ದ್ವೀಪದ ಮೇಲಿನ ಮಠ ಮೋಂ ಸೇನ್ ಮಿಷೆಲ್ ಎರಡೂ ಅಲ್ಲಿಂದ ಒಂದು ಗಂಟೆಯೊಳಗೆ. ಹಾಸಿಗೆ ಬಟ್ಟೆ, ಟವೆಲ್, ಕೊನೆಯ ದಿನದ ಸ್ವಚ್ಛತೆ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿ. ಸೇರಿರುವುದಿಲ್ಲ ಎಂದುಕೊಂಡೇ ಕೇಳಿ.

ಮಧ್ಯಾಹ್ನದ ಊಟ 12ರಿಂದ 2. ಒಂದೂಮುಕ್ಕಾಲಿಗೆ ಹೋದರೆ ಒಲೆ ಆರಿದೆ ಎನ್ನುತ್ತಾರೆ, ರಾತ್ರಿ 7ರ ತನಕ ಮತ್ತೆ ಹಚ್ಚುವುದಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳೂ ಮುಚ್ಚುತ್ತವೆ. ಸೋಮವಾರದ ತನಕದ ಬ್ರೆಡ್ಡು, ತರಕಾರಿ ಶನಿವಾರವೇ ತನ್ನಿ. ಸಸ್ಯಾಹಾರಿಗಳಿಗೆ ಬ್ರಿಟನಿಯಲ್ಲಿ ಆಸರೆ ‘ಗಲೆತ್’, ಸರಾಜಾಂ ಎಂಬ ಕಪ್ಪು ಗೋಧಿಯ (ಬಕ್‌ವೀಟ್) ದೊಡ್ಡ ತೆಳುದೋಸೆ. ‘ಕೊಂಪ್ಲೆತ್’ ಎಂದರೆ ಹಂದಿಮಾಂಸ, ಮೊಟ್ಟೆ, ಚೀಸ್ ಮೂರೂ ಸೇರಿದ್ದು. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮೀನು ಆಗಬಹುದು ಎಂದುಕೊಳ್ಳುವವರಿದ್ದಾರೆ. ‘ನಿ ವಿಯಾಂದ್, ನಿ ಪುವಾಸೋಂ’ ಎನ್ನಿ, ಮಾಂಸವೂ ಬೇಡ ಮೀನೂ ಬೇಡ ಎಂದು. ಅದಕ್ಕೂ ಮೊದಲು ‘ಬೋಂಜೂರ್’. ನಮಸ್ಕಾರ ಹೇಳದೆ ನೇರ ಆರ್ಡರ್ ಕೊಟ್ಟರೆ ಮುಖ ಬಿಗಿಯುತ್ತದೆ, ನಮ್ಮೂರಲ್ಲೂ ಹಾಗೇ ತಾನೆ.

ದಿನಾನ್‌ನಲ್ಲಿ ಗುರುವಾರ ಬೆಳಿಗ್ಗೆ ಸಂತೆ, ಅದೂ ಉಳಿದ ದಿನ ಕಾರು ನಿಲ್ಲಿಸುವ ಚೌಕದಲ್ಲೇ. ಬುಧವಾರ ರಾತ್ರಿ ಅಲ್ಲಿ ಬಿಟ್ಟ ಕಾರನ್ನು ಎತ್ತಿಕೊಂಡು ಹೋಗಿರುತ್ತಾರೆ. ಯಾವ ಹಳ್ಳಿಯ ಚೌಕದಲ್ಲೂ ನಿಷೇಧದ ವಾರ, ಗಂಟೆ ಬರೆದ ಫಲಕ ಹುಡುಕಿಯೇ ಇಳಿಯಿರಿ.

ಸಮುದ್ರ

ಹೊನ್ನಾವರ, ಮುರ್ಡೇಶ್ವರದ ಕಡಲು ಎರಡು ಮೀಟರ್ ಆಸುಪಾಸು ಏರಿ ಇಳಿಯುತ್ತದೆ. ಸೇನ್ ಮಾಲೋದಲ್ಲಿ ದೊಡ್ಡ ಉಬ್ಬರದ ದಿನ 12 ಮೀಟರ್ ದಾಟುತ್ತದೆ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ನಿನ್ನೆಯ ಹೊತ್ತು ಇವತ್ತಿಗೆ ಸುಮಾರು 50 ನಿಮಿಷ ತಡ. ಪ್ರವಾಸಿ ಕಚೇರಿಯಲ್ಲಿ ಸಿಗುವ ಪಟ್ಟಿಯಲ್ಲಿ ಪ್ರತಿ ಉಬ್ಬರಕ್ಕೆ 20ರಿಂದ 120ರವರೆಗಿನ ಒಂದು ಅಂಕಿ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ನೀರು ದೂರ ಹೋಗಿ ಜೋರಾಗಿ ಮರಳುತ್ತದೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಒಂದು. 12 ಮೀಟರಿನ ದಿನ ಮೂರನೆಯ ಗಂಟೆಯೊಂದರಲ್ಲೇ ಮೂರು ಮೀಟರ್ ನೀರು. ಮೊದಲ ಗಂಟೆಯ ನಿಧಾನ ನೋಡಿ ‘ಇನ್ನೂ ಹೊತ್ತಿದೆ’ ಎಂದವರೇ ಸಿಕ್ಕಿಬೀಳುವುದು. ಸೇನ್ ಮಾಲೋ ಎದುರಿನ ಗ್ರಾಂ ಬೇ ದ್ವೀಪಕ್ಕೆ ನಡೆದುಹೋಗುವುದಾದರೆ ನೀರು ಇಳಿಯುತ್ತಿರುವಾಗ ಹೊರಟು, ಪೂರ್ತಿ ಇಳಿದ ಹೊತ್ತಿಗೆ ಹಿಂದಿರುಗಿ. ದಾರಿ ಮುಳುಗಿದ್ದರೆ ಇಳಿಯಬೇಡಿ, ದ್ವೀಪದಲ್ಲೇ ಕೂತು ಕಾಯಿರಿ. ತುರ್ತಿಗೆ 112.

ಮೋಂ ಸೇನ್ ಮಿಷೆಲ್‌ನಲ್ಲಿ ಕಾರು ಎರಡೂವರೆ ಕಿ.ಮೀ. ಹಿಂದೆಯೇ ನಿಲ್ಲಬೇಕು, ಅಲ್ಲಿಂದ ಉಚಿತ ಬಸ್ಸು. ಸುತ್ತಲಿನ ಮರಳಲ್ಲಿ ಹೂಳುವ ಜಾಗಗಳಿವೆ. ಪರವಾನಗಿ ಇರುವ ಮಾರ್ಗದರ್ಶಿ ಇಲ್ಲದೆ ಇಳಿಯಬೇಡಿ.

ಕಾರು ಮರಳಿಸುವುದನ್ನು ಭಾನುವಾರಕ್ಕೂ ಮಧ್ಯಾಹ್ನ 12ರಿಂದ 2ಕ್ಕೂ ಇಟ್ಟುಕೊಳ್ಳಬೇಡಿ. ಸಣ್ಣ ಊರಿನ ಕೌಂಟರುಗಳು ಆಗ ಮುಚ್ಚಿರುತ್ತವೆ. ಬೀಗದಕೈ ಡಬ್ಬಿಗೆ ಹಾಕಿ ಬಂದರೆ ಆಮೇಲೆ ಹೇಳುವ ಗೀರಿಗೆ ಸಾಕ್ಷಿ ಇರುವುದಿಲ್ಲ. ಕಾರಿನ ನಾಲ್ಕೂ ಬದಿ, ಚಕ್ರದ ರಿಮ್ಮು, ಇಂಧನದ ಮುಳ್ಳು, ಇಷ್ಟರ ಫೋಟೋವನ್ನು ಪಡೆಯುವಾಗೊಮ್ಮೆ ಕೊಡುವಾಗೊಮ್ಮೆ ತೆಗೆದಿಡಿ.