ಕಾರ್ ಪಾಲಿಸಿ ತಪ್ಪು ತಿದ್ದಿಸಿದ್ದು, ಕ್ಯಾನ್ಸಲೇಶನ್ ಚಾರ್ಜ್ ಕೊಡದೇ ಉಳಿದದ್ದು: ನನ್ನ ಅನುಭವ

ನಾವು ವಿಜಾಪುರ ಕಡೆಯವ್ರು, ಈಗ ಪುಣೆ ಹತ್ರ ಚಿಂಚವಡದಾಗ ಇದೀವಿ, ಗಾಡಿ ಎಂಎಚ್ 14. ಹೋದ ವರ್ಷ ಬ್ಯಾರೆ ಕಂಪನಿಗೆ ಹೋಗಿ ಇನ್ಶೂರೆನ್ಸ್ ಮಾಡ್ಸಿದಾಗ ಪಿಡಿಎಫ್ ಬಂದ ಕೂಡ್ಲೇ ಆರ್‌ಸಿ ಬಾಜೂಕ ಇಟ್ಕೊಂಡು ಒಂದೊಂದ ಸಾಲು ನೋಡ್ದೆ. ಆರ್‌ಸಿಯೊಳಗ ಎಂಜಿನ್ 998 ಸಿಸಿ ಐತಿ, ಪಾಲಿಸಿಯೊಳಗ 1197. ಮೂರು ವರ್ಷ ಕ್ಲೇಮ್ ತಗೊಂಡಿಲ್ಲ ಅಂದ್ರ ಎನ್‌ಸಿಬಿ (ಕ್ಲೇಮ್ ಮಾಡದಿದ್ದಕ್ಕ ಸಿಗೂ ರಿಯಾಯ್ತಿ) 35 ಪರ್ಸೆಂಟ್ ಬರಬೇಕು, 25 ಹಾಕ್ಯಾರ. ಮತ್ತ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ನನ್ನ ಹೆಸರಲೆ ಮೊದ್ಲ ಐತಿ ಅಂತ ಬರ್ದು ಕೊಟ್ಟಿದ್ರೂ ಅದನ್ನೂ ಸೇರ್ಸಿ ರೊಕ್ಕ ತಗೊಂಡಿದ್ರು.

ಸಿಸಿ ತಪ್ಪು ಸಣ್ಣದಲ್ಲ. ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬ್ಯಾರೆಯವ್ರಿಗೆ ಆಗೂ ಹಾನಿಯ) ಪ್ರೀಮಿಯಂ ಯಾವ ಕಂಪನಿನೂ ತನ್ನ ಮನಸ್ಸಿಗೆ ಬಂದಂಗ ಹಾಕಂಗಿಲ್ಲ, ಸರ್ಕಾರನ ಗೊತ್ತು ಮಾಡಿರ್ತದ. 2022ರ ಜೂನ್‌ನಿಂದ ಜಾರಿಗೆ ಬಂದ ದರದೊಳಗ 1000 ಸಿಸಿ ತನಕ 2094 ರೂಪಾಯಿ, ಅದರ ಮ್ಯಾಲ 1500 ತನಕ 3416. ಫರಕು 1322, ಅದಕ್ಕ 18 ಪರ್ಸೆಂಟ್ ಜಿಎಸ್‌ಟಿ ಹಿಡಿದ್ರ 1560. ಇದರಾಗ ವಾದ ಮಾಡಾಕ ಜಾಗಾನ ಇಲ್ಲ, ಅದಕ್ಕ ನನ್ನ ಮೇಲ್‌ನಾಗ ಇದನ್ನ ಮೊದ್ಲ ಬರ್ದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರ "ಸರ್, ತಿದ್ದಾಕ ಬರಂಗಿಲ್ಲ, ಕ್ಯಾನ್ಸಲ್ ಮಾಡಿ ಹೊಸಾದು ತಗೋರಿ, ಒಂದು ತಿಂಗಳ ಒಳಗ ಆದ್ರ 20 ಪರ್ಸೆಂಟ್ ಕಟ್ ಆಗ್ತದ" ಅಂದ್ರು. ಇದು ಹಳೇ ಶಾರ್ಟ್ ಪೀರಿಯಡ್ ಟೇಬಲ್ ಲೆಕ್ಕ, ಅಂದ್ರ ಪಾಲಿಸಿ ನಡುವ ಬಿಟ್ರ ಎಷ್ಟು ಹಿಡ್ಕೋಬೇಕು ಅನ್ನೂ ಮೊದ್ಲಿನ ಪಟ್ಟಿ. 2024ರ ಜೂನ್‌ನಾಗ ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮ್ಯಾಲೆ ಇರೂ ನಿಯಂತ್ರಣ ಸಂಸ್ಥೆ) ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಒಂದು ವರ್ಷದ ಪಾಲಿಸಿ ನಾವು ಯಾವಾಗ ಬೇಕಾದ್ರೂ, ಕಾರಣ ಹೇಳದನ ಬಿಡಬಹುದು, ಕ್ಲೇಮ್ ತಗೊಂಡಿರದಿದ್ರ ಉಳಿದ ದಿನದ ರೊಕ್ಕ ಲೆಕ್ಕದ ಪ್ರಕಾರ ವಾಪಸ್ ಕೊಡಬೇಕು. 9000 ಪ್ರೀಮಿಯಂ ಅಂತ ತಿಳಕೋರಿ, 30 ದಿನ ಆಗ್ಯಾವ ಅಂದ್ರ ಅವ್ರು ಇಟ್ಕೋಬೇಕಾದ್ದು ಸುಮಾರು 740, ಟೇಬಲ್ ಲೆಕ್ಕಕ್ಕ 1800. ಅಷ್ಟಕ್ಕೂ ತಪ್ಪು ಅವ್ರದು, ನಾ ಯಾಕ ಕ್ಯಾನ್ಸಲ್ ಮಾಡ್ಲಿ? ಕ್ಯಾನ್ಸಲ್ ಮಾಡಿ ಹೊಸಾದು ಬರೂ ತನಕ ಒಂದು ದಿನ ಗ್ಯಾಪ್ ಬಿದ್ರೂ ಇನ್ಶೂರೆನ್ಸ್ ಇಲ್ಲದ ಗಾಡಿ ಹೊಡದಂಗ ಆಗ್ತದ, ಸಿಕ್ಕಿಬಿದ್ರ ಮೊದಲನೇ ಸಲಕ್ಕ 2000 ದಂಡ, ಆ ಹೊತ್ತಿನಾಗ ಯಾರಿಗರೆ ಪೆಟ್ಟು ಬಿತ್ತು ಅಂದ್ರ ಪರಿಹಾರ ನಮ್ಮ ಕೈಯಿಂದ.

ಫೋನ್ ಬಿಟ್ಟೆ, ಫೋನ್‌ನಾಗ ಹೇಳಿದ್ದಕ್ಕ ಕಾಗದ ಇರಂಗಿಲ್ಲ. ಆರ್‌ಸಿ, ಹಿಂದಿನ ವರ್ಷದ ಪಾಲಿಸಿ, ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮೂರೂ ಹಚ್ಚಿ ಮೇಲ್ ಹಾಕಿ ಎಂಡೋರ್ಸ್‌ಮೆಂಟ್ (ಇದ್ದ ಪಾಲಿಸಿಗೇ ಹಚ್ಚೂ ತಿದ್ದುಪಡಿ ಪತ್ರ) ಮಾಡಿ ತಿದ್ರಿ, ಹೆಚ್ಚು ತಗೊಂಡಿದ್ದು ಜಿಎಸ್‌ಟಿ ಸಮೇತ ವಾಪಸ್ ಕೊಡ್ರಿ, 20 ಪರ್ಸೆಂಟ್ ಯಾವ ನಿಯಮದ ಮ್ಯಾಲೆ ಅಂತ ಬರ್ದು ಕೊಡ್ರಿ ಅಂತ ಕೇಳ್ದೆ. ಆ ಕಡೀ ಪ್ರಶ್ನೆಗೆ ಉತ್ತರ ಬರ್ಲೇ ಇಲ್ಲ. ಆಮ್ಯಾಲ ಕಂಪನಿಯ ಗ್ರಿವೆನ್ಸ್ (ದೂರು) ಆಫೀಸರ್‌ಗೆ ಅದ ಮೇಲ್ ಕಳ್ಸಿ, ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಾಗ ದೂರು ಹಾಕಿ ಟೋಕನ್ ನಂಬರ್ ತಗೊಂಡೆ. 155255ಕ್ಕ ಫೋನ್ ಮಾಡಿನೂ ದೂರು ಬರಸಬಹುದು. ಅಲ್ಲಿಂದ ಅವ್ರ ಮಾತು ಬದಲಾತು.

ಅದೂ ಆಗಲಿಲ್ಲ ಅಂದ್ರ ಇನ್ಶೂರೆನ್ಸ್ ದೂರು ಕೇಳಿ ತೀರ್ಮಾನ ಕೊಡೂ ಒಂಬುಡ್ಸ್‌ಮನ್ ಅದಾರ, ಪುಣೆಯೊಳಗ ಅವ್ರ ಆಫೀಸು ನಾರಾಯಣ ಪೇಠದಾಗ. ಫೀ ಇಲ್ಲ, ವಕೀಲರೂ ಬ್ಯಾಡ. ಕಂಪನಿಗೆ ಬರ್ದು ಒಂದು ತಿಂಗಳು ಕಾದಿರಬೇಕು, ಇಲ್ಲಂದ್ರ ಅವ್ರು ಆಗಂಗಿಲ್ಲ ಅಂತ ಹೇಳಿರಬೇಕು, ಅದಕ್ಕ ನಾ ಎಲ್ಲಾ ಮೇಲೂ ಪ್ರಿಂಟ್ ತಗೊಂಡ ಇಟ್ಟಿದ್ದೆ. ಅಲ್ಲಿ ತನಕ ಹೋಗೂ ಪ್ರಸಂಗ ಬರ್ಲಿಲ್ಲ.

ಎಂಡೋರ್ಸ್‌ಮೆಂಟ್ ಬಂತು, ರೊಕ್ಕಾನೂ ಅಕೌಂಟಿಗೆ ಬಂತು. ಆದ್ರ ಮೊದಲನೇ ಕಾಪಿಯೊಳಗ ಸಿಸಿ ಸರಿ ಮಾಡಿ ಎನ್‌ಸಿಬಿ ಹಂಗ ಬಿಟ್ಟಿದ್ರು, ಮತ್ತ ಬರದು ತಿದ್ಸಿದೆ. ಎನ್‌ಸಿಬಿ ಕಮ್ಮಿ ಇದ್ರ ರೊಕ್ಕಷ್ಟ ಹೋಗ್ತದ, ಹೆಚ್ಚಿಗೆ ಬಿದ್ದಿದ್ರ ಸುಮ್ನ ಇರಬ್ಯಾಡ್ರಿ, ಕ್ಲೇಮ್ ಹೊತ್ತಿನಾಗ ಹಳೇ ಕಂಪನಿಗೆ ಕೇಳಿ ನೋಡ್ತಾರ, ಗಾಡಿ ರಿಪೇರಿ ಕ್ಲೇಮ್‌ಗ ಅಡ್ಡ ಬರ್ತದ. ಈ ವರ್ಷ ರಿನ್ಯೂವಲ್ ನೋಟಿಸ್‌ನಾಗ 998 ಸಿಸಿ, ಎನ್‌ಸಿಬಿ 45 ಅಂತ ಸರಿಯಾಗಿ ಬಂದಾವ.